ಕಾರ್ಖಾನೆಯಲ್ಲಿ ಸತ್ತವರಿಗೊಂದು ಕಲ್ಲು: ಅದನ್ನು ನಿಲ್ಲಿಸುವುದು ಯಾಕೆ ಇಷ್ಟು ಕಷ್ಟ?

2025ರ ಮೇ 7ರಂದು ದೇಶದ ಎಷ್ಟೋ ಊರುಗಳಲ್ಲಿ ಸೈರನ್ ಕೂಗಿತು. ನಾಗರಿಕ ರಕ್ಷಣೆಯ ಅಣಕು ಕವಾಯತು ಅದು. ಬೆಂಗಳೂರಿನಲ್ಲೂ ಕೂಗಿತು. ಊರುಗಳ ಪಟ್ಟಿಯಲ್ಲಿ ರಾಯಚೂರಿನ ಹೆಸರೂ ಇತ್ತು. ಗಡಿಯಿಂದ ಅಷ್ಟು ದೂರದ ರಾಯಚೂರು ಯಾಕೆ ಅನ್ನಿಸಬಹುದು. ಶಕ್ತಿನಗರದ ವಿದ್ಯುತ್ ಸ್ಥಾವರವನ್ನು ನೆನಪಿಸಿಕೊಂಡರೆ ಉತ್ತರ ಹೊಳೆಯುತ್ತದೆ. ಯುದ್ಧ ಬಂದರೆ ಬಾಂಬು ಸೈನಿಕನನ್ನಷ್ಟೇ ಹುಡುಕಿಕೊಂಡು ಬರುವುದಿಲ್ಲ. ಯಂತ್ರ ಎಲ್ಲಿದೆಯೋ ಅಲ್ಲಿಗೂ ಬರುತ್ತದೆ. ಯಂತ್ರದ ಮುಂದೆ ಒಬ್ಬ ಮನುಷ್ಯ ನಿಂತಿರುತ್ತಾನೆ, ಅಲ್ವಾ?

ಆ ಮನುಷ್ಯ ಸತ್ತರೆ ಅವನನ್ನು ಯುದ್ಧದಲ್ಲಿ ಮಡಿದವನು ಅನ್ನಬೇಕೋ, ಕೆಲಸದ ಜಾಗದಲ್ಲಿ ಸತ್ತವನು ಅನ್ನಬೇಕೋ? ಅವನ ಹೆಸರಿನಲ್ಲಿ ಕಲ್ಲು ನಿಲ್ಲಿಸುವ ಜವಾಬ್ದಾರಿ ಯಾರದು? ಸರ್ಕಾರದ್ದೋ, ಕಂಪನಿಯದೋ, ಮನೆಯವರದೋ? ಎರಡನೇ ಮಹಾಯುದ್ಧದಲ್ಲಿ ಕಾರ್ಖಾನೆಗಳ ಮೇಲೆ ಬಾಂಬು ಬೀಳಿಸಿಕೊಂಡ ಬ್ರಿಟನ್ನಿನಲ್ಲಿ 80 ವರ್ಷ ಕಳೆದರೂ ಈ ಪ್ರಶ್ನೆ ಪೂರ್ತಿ ಮುಗಿದಿಲ್ಲ. ಸ್ಮಾರಕಕ್ಕಾಗಿ ಅಲ್ಲಿ ಜನ ಓಡಾಡುವುದು ಹೇಗೆ, ಅದಕ್ಕೆ ವರ್ಷಗಟ್ಟಲೆ ಯಾಕೆ ಬೇಕು ಅನ್ನುವುದನ್ನು ಮೊದಲಿನಿಂದ ನೋಡೋಣ.

ವೂಲ್‌ಸ್ಟನ್‌ನಲ್ಲಿ ನಡೆದದ್ದು

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಸೌತಾಂಪ್ಟನ್ ಅನ್ನುವ ಬಂದರು ನಗರವಿದೆ. ಅಲ್ಲಿನ ಇಚೆನ್ ನದಿಯ ದಡದಲ್ಲಿ, ವೂಲ್‌ಸ್ಟನ್ ಎಂಬ ಬಡಾವಣೆಯಲ್ಲಿ ಸೂಪರ್‌ಮರೀನ್ ಕಂಪನಿಯ ವಿಮಾನ ಕಾರ್ಖಾನೆ ಇತ್ತು. ಸ್ಪಿಟ್‌ಫೈರ್ ಯುದ್ಧವಿಮಾನ ಹುಟ್ಟಿದ್ದು ಅಲ್ಲಿ. ಅದರ ವಿನ್ಯಾಸ ಮಾಡಿದ ಆರ್. ಜೆ. ಮಿಚೆಲ್ 1937ರಲ್ಲೇ ತೀರಿಕೊಂಡರು. ಯುದ್ಧದಲ್ಲಿ ತಮ್ಮ ವಿಮಾನದ ಆಟವನ್ನು ಅವರು ನೋಡಲಿಲ್ಲ.

1940ರ ಬೇಸಿಗೆಯಲ್ಲಿ ಜರ್ಮನಿ ಬ್ರಿಟನ್ನಿನ ಮೇಲೆ ವಿಮಾನ ದಾಳಿ ಶುರುಮಾಡಿತು. ಆಕಾಶದಲ್ಲಿ ಸ್ಪಿಟ್‌ಫೈರ್ ಒಂದೊಂದನ್ನೇ ಹೊಡೆದುರುಳಿಸುವುದು ಕಷ್ಟದ ಕೆಲಸ. ಅದು ತಯಾರಾಗುವ ಜಾಗವನ್ನೇ ಹೊಡೆದರೆ? ಬೇರು ಕಿತ್ತರೆ ಗಿಡ ತಾನಾಗಿ ಒಣಗುತ್ತದೆ ಅನ್ನುವ ಲೆಕ್ಕ.

ಸೆಪ್ಟೆಂಬರ್ 24ರ ಮಧ್ಯಾಹ್ನ ಮೊದಲ ದೊಡ್ಡ ಪೆಟ್ಟು ಬಿತ್ತು. ವಿಚಿತ್ರ ಏನೆಂದರೆ, ಅವತ್ತು ಕಾರ್ಖಾನೆಯ ಕಟ್ಟಡಕ್ಕೆ ಅಂಥ ಹಾನಿ ಆಗಲಿಲ್ಲ. ಸತ್ತವರು ಜೀವ ಉಳಿಸಿಕೊಳ್ಳಲು ಹೊರಟವರು. ಕೆಲಸಗಾರರ ಆಶ್ರಯ ತಾಣಗಳು ರೈಲು ಹಳಿಯ ಆಚೆ ಇದ್ದವು. ಸೈರನ್ ಕೇಳಿದ ಮೇಲೆ ಹಳಿಯ ಕೆಳಗಿನ ದಾರಿಯಲ್ಲಿ ನುಗ್ಗಿ ಅಲ್ಲಿಗೆ ಓಡಬೇಕಿತ್ತು. ಬಾಂಬುಗಳು ಬಿದ್ದದ್ದು ಅಲ್ಲೇ.

ಎರಡು ದಿನ ಬಿಟ್ಟು, 26ರಂದು, ಬಾಂಬರ್‌ಗಳು ಹಿಂಡುಗಟ್ಟಿಕೊಂಡು ಬಂದವು. ಈ ಸಲ ಕಾರ್ಖಾನೆಯೇ ಹಾಳಾಯಿತು. ಅಕ್ಕಪಕ್ಕದ ಬೀದಿಗಳ ಮನೆಗಳೂ ಉರುಳಿದವು. ಎರಡೂ ದಾಳಿಗಳಲ್ಲಿ ಸೇರಿ ಸತ್ತವರು ನೂರರ ಆಸುಪಾಸು. ಈ 'ಆಸುಪಾಸು' ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ. ಸ್ಮಾರಕದ ಅರ್ಧ ಕಷ್ಟ ಅದರಲ್ಲೇ ಇದೆ.

ಆಮೇಲೆ ಏನಾಯಿತು ಅನ್ನುವುದೂ ಕೇಳುವಂಥದ್ದೇ. ವಿಮಾನ ಉತ್ಪಾದನೆಯ ಮಂತ್ರಿ ಲಾರ್ಡ್ ಬೀವರ್‌ಬ್ರೂಕ್, ಇನ್ನು ಎಲ್ಲವನ್ನೂ ಒಂದೇ ಸೂರಿನಡಿ ಇಡುವುದು ಬೇಡ ಅಂದರು. ಸ್ಪಿಟ್‌ಫೈರ್‌ನ ಕೆಲಸ ಚೂರುಚೂರಾಗಿ ಬಸ್ ಡಿಪೋ, ಕಾರು ಗ್ಯಾರೇಜು, ಬಟ್ಟೆ ಒಗೆಯುವ ಲಾಂಡ್ರಿಗಳಿಗೆ ಹೋಯಿತು. ಒಂದು ಕಡೆ ರೆಕ್ಕೆ, ಇನ್ನೊಂದು ಕಡೆ ಬಾಲ. ಸಾಲ್ಸ್‌ಬರಿ, ರೆಡಿಂಗ್, ಟ್ರೋಬ್ರಿಜ್ ಊರುಗಳಲ್ಲಿ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿ ಈ ಕೆಲಸಕ್ಕೆ ಸೇರಿದರು. ವಿಮಾನ ತಯಾರಿಕೆ ನಿಲ್ಲಲಿಲ್ಲ.

ಇಲ್ಲಿ ನಮ್ಮೂರಿನ ಒಂದು ಮಾತು. ವೂಲ್‌ಸ್ಟನ್ ಕಾರ್ಖಾನೆ ಹಾಳಾಗಿ ಮೂರು ತಿಂಗಳು ತುಂಬುವಷ್ಟರಲ್ಲಿ, 1940ರ ಡಿಸೆಂಬರ್ 23ರಂದು, ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುವಾಯಿತು. ಇವತ್ತಿನ ಎಚ್‌ಎಎಲ್‌ನ ಮೊದಲ ರೂಪ ಅದು. ವಾಲ್‌ಚಂದ್ ಹೀರಾಚಂದ್ ಮುಂದೆ ನಿಂತರು, ಮೈಸೂರು ಸಂಸ್ಥಾನ ಪಾಲುದಾರನಾಯಿತು. ಅದರ ಮೇಲೆ ಬಾಂಬು ಬೀಳಲಿಲ್ಲ.

ವೂಲ್‌ಸ್ಟನ್ ಒಂದೇ ಅಲ್ಲ

ಅದೇ 1940ರ ಸೆಪ್ಟೆಂಬರ್ 4ರಂದು ವೇಬ್ರಿಜ್‌ನ ವಿಕರ್ಸ್ ವಿಮಾನ ಕಾರ್ಖಾನೆಯಲ್ಲಿ 83 ಮಂದಿ ಸತ್ತಿದ್ದರು. ಊಟದ ಹೊತ್ತು ಅದು. 25ರಂದು ಬ್ರಿಸ್ಟಲ್ ಹತ್ತಿರದ ಫಿಲ್ಟನ್ ವಿಮಾನ ಕಾರ್ಖಾನೆಯ ಸರದಿ. ಅಲ್ಲೂ ಬಾಂಬು ನೇರ ಆಶ್ರಯ ತಾಣಗಳ ಮೇಲೆ ಬಿತ್ತು. ಕಾರ್ಖಾನೆಯ ಆವರಣದಲ್ಲೇ 90ಕ್ಕೂ ಜಾಸ್ತಿ ಜನ ಹೋದರು.

ನವೆಂಬರ್ 19ರ ರಾತ್ರಿ ಬರ್ಮಿಂಗ್‌ಹ್ಯಾಮ್‌ನ ಸ್ಮಾಲ್ ಹೀತ್‌ನಲ್ಲಿದ್ದ ಬಿಎಸ್‌ಎ ಕಾರ್ಖಾನೆಗೆ ಬಾಂಬು ಬಿದ್ದು 53 ಕಾರ್ಮಿಕರು ಸತ್ತರು. ಬಿಎಸ್‌ಎ ಸೈಕಲ್ ಹೊಡೆದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಆ ಮೂರಕ್ಷರದ ಪೂರ್ಣ ರೂಪ 'ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್'. ಅಂದರೆ ಬಂದೂಕು ಕಂಪನಿ. ಅವತ್ತು ರಾತ್ರಿ ಪಾಳಿಯವರು ಕಟ್ಟಡದ ಕೆಳಗೆ ಸಿಕ್ಕಿಕೊಂಡರು, ಮೇಲಿನ ಮಹಡಿಗಳು ಯಂತ್ರಗಳ ಸಮೇತ ಅವರ ಮೇಲೆ ಕುಸಿದವು. ಯೇಟ್ ಎಂಬ ಸಣ್ಣ ಊರಿನ ಪಾರ್ನಲ್ ಕಾರ್ಖಾನೆಗೆ 1941ರ ಫೆಬ್ರವರಿ 27ರಂದು ಬಂದದ್ದು ಒಂದೇ ಒಂದು ವಿಮಾನ. 50ಕ್ಕೂ ಹೆಚ್ಚು ಮಂದಿ ಸತ್ತರು.

ಸೈನಿಕನಿಗೆ ಕಲ್ಲು ತಾನಾಗಿ ಬರುತ್ತದೆ, ಕಾರ್ಮಿಕನಿಗೆ ಯಾಕಿಲ್ಲ?

ಮಾತಿನ ಗಂಟು ಇಲ್ಲಿದೆ. ಸ್ವಲ್ಪ ನಿಧಾನವಾಗಿ ಬಿಡಿಸೋಣ.

1917ರಲ್ಲಿ ಬ್ರಿಟನ್ ಒಂದು ಆಯೋಗ ಮಾಡಿಕೊಂಡಿತು. ಈಗ ಅದರ ಹೆಸರು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ. ಯುದ್ಧದಲ್ಲಿ ಸತ್ತ ಪ್ರತಿಯೊಬ್ಬ ಸೈನಿಕನ ಹೆಸರೂ ಎಲ್ಲಾದರೂ ಒಂದು ಕಡೆ ಕಲ್ಲಿನ ಮೇಲೆ ಇರಬೇಕು ಅನ್ನುವುದು ಅದರ ನಿಯಮ. ಜನರಲ್ ಆಗಲಿ, ಸಾಮಾನ್ಯ ಸಿಪಾಯಿ ಆಗಲಿ, ಕಲ್ಲಿನ ಅಳತೆ ಒಂದೇ. ದೆಹಲಿ, ಕೋಲ್ಕತ್ತ, ಚೆನ್ನೈಗಳಲ್ಲಿ ಅವರ ಸಮಾಧಿ ಸ್ಥಳಗಳನ್ನು ನೋಡಿದವರಿಗೆ ಆ ಅಚ್ಚುಕಟ್ಟಾದ ಸಾಲುಗಳು ಗೊತ್ತಿರುತ್ತವೆ.

ಎರಡನೇ ಮಹಾಯುದ್ಧಕ್ಕೆ ಆಯೋಗ ಹಾಕಿಕೊಂಡ ಗಡುವು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31. ಈ ನಡುವೆ ಸೇವೆಯಲ್ಲಿದ್ದ ಸೈನಿಕ ಹೇಗೆ ಸತ್ತರೂ ಲೆಕ್ಕಕ್ಕೆ ಬರುತ್ತಾನೆ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಲಾರಿಗೆ ಸಿಕ್ಕಿ ಸತ್ತರೂ ಸರಿ. ಅವನಿಗೆ ಕಲ್ಲು ಇದೆ, ಆ ಕಲ್ಲನ್ನು ನೋಡಿಕೊಳ್ಳುವವರೂ ಇದ್ದಾರೆ. ಆದರೆ 1940ರಲ್ಲಿ ಶತ್ರುವಿನ ಬಾಂಬಿಗೇ ಸತ್ತ ವೂಲ್‌ಸ್ಟನ್‌ನ ಕೆಲಸಗಾರನಿಗೆ ಅದು ಅನ್ವಯಿಸುವುದಿಲ್ಲ. ಅವನು ಸಮವಸ್ತ್ರ ಹಾಕಿರಲಿಲ್ಲ. ಅವನನ್ನು ಹೂಳುವ ಕೆಲಸ ಮನೆಯವರದು, ಇಲ್ಲವೇ ಊರಿನ ಪೌರಾಡಳಿತದ್ದು.

ಹಾಗಂತ ನಾಗರಿಕರನ್ನು ಪೂರ್ತಿ ಮರೆತರು ಅನ್ನುವಂತಿಲ್ಲ. ಆಯೋಗವನ್ನು ಕಟ್ಟಿದ ಫೇಬಿಯನ್ ವೇರ್ ಅವರೇ 1941ರಲ್ಲಿ ಹಟ ಹಿಡಿದು ಒಂದು ಕೆಲಸ ಮಾಡಿಸಿದರು. ಬಾಂಬಿಗೆ ಸತ್ತ ನಾಗರಿಕರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆಸಲು ಶುರುಮಾಡಿದರು. ಏಳು ಸಂಪುಟ, 66 ಸಾವಿರಕ್ಕೂ ಹೆಚ್ಚು ಹೆಸರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅದನ್ನು ಇಟ್ಟಿದ್ದಾರೆ. ಅದು ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ಪುಸ್ತಕ ಇರುವುದು ಲಂಡನ್ನಿನ ಗಾಜಿನ ಪೆಟ್ಟಿಗೆಯಲ್ಲಿ, ಜನ ಸತ್ತದ್ದು ವೂಲ್‌ಸ್ಟನ್‌ನ ಬೀದಿಯಲ್ಲಿ. ಅಲ್ಲದೆ ಆ ಪುಸ್ತಕ ಜಿಲ್ಲೆ, ನಗರಗಳ ಪ್ರಕಾರ ಜೋಡಿಸಿದ್ದು. 'ಇವರೆಲ್ಲ ಒಂದೇ ಕಾರ್ಖಾನೆಯವರು' ಅಂತ ಅದರಲ್ಲಿ ಒಂದು ಪುಟ ಬೇರೆ ಸಿಗುವುದಿಲ್ಲ.

ಇನ್ನೊಂದು ಕಾರಣ, ಗುಟ್ಟು. ಯಾವ ಕಾರ್ಖಾನೆಗೆ ಎಷ್ಟು ಪೆಟ್ಟು ಬಿತ್ತು ಅಂತ ಶತ್ರುವಿಗೆ ಗೊತ್ತಾಗಬಾರದಿತ್ತು. ಹಾಗಾಗಿ ಪತ್ರಿಕೆಗಳು ಜಾಗದ ಹೆಸರು ಹಾಕುವಂತಿರಲಿಲ್ಲ. 'ದಕ್ಷಿಣ ಕರಾವಳಿಯ ಒಂದು ಪಟ್ಟಣ' ಎಂಬಂತೆ ಬರೆಯುತ್ತಿದ್ದರು. ಮನೆಯವರೂ ಜಾಸ್ತಿ ಮಾತಾಡಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಊರಿನ ಸ್ಮಾರಕದ ಮೇಲೆ ಸೈನಿಕರ ಹೆಸರು ಕೆತ್ತಿ ಆಗಿತ್ತು. ಎಷ್ಟೋ ಊರುಗಳಲ್ಲಿ ಮೊದಲ ಮಹಾಯುದ್ಧದ ಕಲ್ಲಿಗೇ ಹೊಸ ಹೆಸರು ಸೇರಿಸಿದರು. ಅದರಲ್ಲಿ ಕಾರ್ಖಾನೆಯವರಿಗೆ ಜಾಗ ಸಿಕ್ಕಿದ್ದು ಕಡಿಮೆ.

ಯಂತ್ರಗಳ ವಿಷಯ ಬೇರೆ. ಸೌತಾಂಪ್ಟನ್ ವಿಮಾನ ನಿಲ್ದಾಣಕ್ಕೆ ಹೋದರೆ ಬಾಗಿಲಲ್ಲೇ ಸ್ಪಿಟ್‌ಫೈರ್‌ನ ಮೊದಲ ವಿಮಾನದ ದೊಡ್ಡ ಪ್ರತಿಕೃತಿ ಕಾಣುತ್ತದೆ. ಯಂತ್ರಕ್ಕೆ ಸ್ಮಾರಕ ಮಾಡುವುದು ಸುಲಭ. ಯಂತ್ರ ಒಂದೇ, ಅದರ ಹೆಸರೂ ಒಂದೇ, ಅದರ ಕಾಗುಣಿತದ ಬಗ್ಗೆ ಯಾರೂ ಜಗಳ ಆಡುವುದಿಲ್ಲ.

ವೀರಗಲ್ಲು ಗೊತ್ತಿರುವವರಿಗೆ ಇದು ಹೊಸದಲ್ಲ

ನಮ್ಮಲ್ಲಿ ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಬಿಡಿಸಿದ್ದರು. ಕರ್ನಾಟಕದ ಹಳ್ಳಿಹಳ್ಳಿಯಲ್ಲೂ ವೀರಗಲ್ಲು ಇದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವನ ಸನ್ನಿಧಿ. ಆದರೆ ಕಲ್ಲು ಪಡೆದವರೆಲ್ಲ ರಾಜನ ಸೈನಿಕರಲ್ಲ. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವರಿಗೂ ಕಲ್ಲು ಇದೆ. ಹುಲಿಯ ಜೊತೆ ಹೋರಾಡಿ ಸತ್ತವರಿಗೂ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೇ ಶತಮಾನದ ಕಲ್ಲಿನಲ್ಲಂತೂ, ಕಾಡುಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿದೆ.

ಬೆಂಗಳೂರಿನ ಬೇಗೂರಿನಲ್ಲಿರುವ ಕಲ್ಲನ್ನು ನೋಡಿ. ಒಂಬತ್ತನೇ ಶತಮಾನದ ಕೊನೆಯ ಹೊತ್ತಿನದು. 'ಬೆಂಗಳೂರು' ಅನ್ನುವ ಹೆಸರು ಅದರಲ್ಲಿದೆ ಅಂತ ನಾವು ಅದನ್ನು ಹೊಗಳುತ್ತೇವೆ. ಆದರೆ ಆ ಕಲ್ಲು ಹುಟ್ಟಿದ್ದು ಊರಿನ ಹೆಸರಿಗಾಗಿ ಅಲ್ಲ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನೆಂಬ ನಾಯಕನ ಕಡೆಯ ಬುಟ್ಟಣ ಸೆಟ್ಟಿ ಸತ್ತ ಅಂತ ಹೇಳುವುದಕ್ಕೆ. ಬುಟ್ಟಣ ಸೆಟ್ಟಿಯ ಹೆಸರನ್ನು ಯಾರೋ ಕೆತ್ತಿಸಿದ್ದರಿಂದ ಬೆಂಗಳೂರಿನ ಹೆಸರೂ ಉಳಿಯಿತು.

ವೀರಗಲ್ಲಿನ ಜೊತೆ ಇನ್ನೊಂದು ಪದ್ಧತಿಯೂ ಇತ್ತು: ನೆತ್ತರುಗೊಡಗೆ. ನೆತ್ತರು ಸುರಿಸಿ ಸತ್ತವನ ಮನೆಯವರಿಗೆ ಕೊಡುವ ಭೂಮಿ. ಅಂದರೆ ನೆನಪು ಬೇರೆ, ಪರಿಹಾರ ಬೇರೆ, ಎರಡೂ ಬೇಕು ಅನ್ನುವುದು ಆಗಲೇ ಗೊತ್ತಿತ್ತು. ಬ್ರಿಟನ್ನಿನಲ್ಲೂ ನಾಗರಿಕರಿಗೆ ಯುದ್ಧದ ಗಾಯಕ್ಕೆ ಪರಿಹಾರ ಕೊಡುವ ಕಾನೂನು 1939ರಲ್ಲೇ ಬಂದಿತ್ತು. ನೆತ್ತರುಗೊಡಗೆಗೆ ವ್ಯವಸ್ಥೆ ಆಯಿತು, ಕಲ್ಲು ಮಾತ್ರ ಹಿಂದೆ ಬಿತ್ತು ಅನ್ನಬಹುದು.

ಕೆಲಸ ಶುರುವಾಗುವುದು ಪಟ್ಟಿಯಿಂದ

ಸ್ಮಾರಕದ ಹೋರಾಟ ಅಂದರೆ ಮೆರವಣಿಗೆ, ಮನವಿ ಪತ್ರ, ಸಹಿ ಸಂಗ್ರಹ ಅಂತ ನಾವು ಅಂದುಕೊಳ್ಳುತ್ತೇವೆ. ಅವೂ ಇರುತ್ತವೆ. ಆದರೆ ಜಾಸ್ತಿ ಸಮಯ ತಿನ್ನುವುದು ಒಂದು ಮೇಜು, ಒಂದು ನೋಟ್‌ಬುಕ್ಕು, ಹಳೆಯ ದಾಖಲೆಗಳು. ಯಾರು ಸತ್ತರು? ಹೆಸರು ಹೇಳಿ. ಅಷ್ಟೇ ಪ್ರಶ್ನೆ.

ಮೊದಲು ನೋಡುವುದು ಆ ಏಳು ಸಂಪುಟಗಳ ಪಟ್ಟಿಯನ್ನು. ಈಗ ಅದು ಆಯೋಗದ ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತದೆ. ಒಂದೊಂದು ನಮೂದಿನಲ್ಲಿ ಹೆಸರು, ವಯಸ್ಸು, ಮನೆಯ ವಿಳಾಸ, ತಂದೆತಾಯಿ ಅಥವಾ ಗಂಡ ಹೆಂಡತಿಯ ಹೆಸರು, ಸತ್ತ ದಿನ, ಸತ್ತ ಜಾಗ. 'ಸತ್ತ ಜಾಗ' ಅನ್ನುವ ಕಡೆ ಕಾರ್ಖಾನೆಯ ಹೆಸರಿದ್ದರೆ ಕೆಲಸ ಹಗುರ. ಇಲ್ಲದಿದ್ದರೆ ತಲೆನೋವು ಶುರು.

ಒಬ್ಬನನ್ನು ಊಹಿಸಿಕೊಳ್ಳಿ. ಸೆಪ್ಟೆಂಬರ್ 24ರಂದು ಕಾರ್ಖಾನೆಯ ಹತ್ತಿರ ಗಾಯಗೊಂಡ. ಅವನನ್ನು ಪಕ್ಕದ ಊರಿನ ಆಸ್ಪತ್ರೆಗೆ ಸಾಗಿಸಿದರು. ನಾಲ್ಕು ದಿನ ಬಿಟ್ಟು ಅಲ್ಲೇ ಸತ್ತ. ಪಟ್ಟಿ ಊರಿನ ಪ್ರಕಾರ ಇರುವುದರಿಂದ ಅವನ ಹೆಸರು ಸೌತಾಂಪ್ಟನ್ ಪುಟದಲ್ಲಿ ಸಿಗುವುದಿಲ್ಲ. ದಿನಾಂಕ ಹಾಕಿ ಹುಡುಕಿದರೂ 24ಕ್ಕೆ ಸಿಗುವುದಿಲ್ಲ. ಇನ್ನೊಬ್ಬ ಅದೇ ಕಾರ್ಖಾನೆಯವನು, ಆದರೆ ಹೋಮ್ ಗಾರ್ಡ್ ಎಂಬ ಊರ ಕಾವಲು ಪಡೆಯಲ್ಲಿದ್ದ. ಆ ಹೊತ್ತಿನಲ್ಲಿ ಪಹರೆಯ ಮೇಲಿದ್ದರೆ ಅವನು ಲೆಕ್ಕದಲ್ಲಿ ಸೈನಿಕ, ನಾಗರಿಕರ ಪಟ್ಟಿಯಲ್ಲಿ ಇರುವುದಿಲ್ಲ. ಮೂರನೆಯವನು ಕಾರ್ಖಾನೆಯವನೇ ಅಲ್ಲ. ಗುತ್ತಿಗೆದಾರನ ಕಡೆಯಿಂದ ಗೋಡೆ ಕಟ್ಟಲು ಬಂದಿದ್ದ. ನಾಲ್ಕನೆಯವಳು ಎದುರು ಬೀದಿಯ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು, ಗುರಿ ತಪ್ಪಿದ ಬಾಂಬಿಗೆ ಸತ್ತಳು. ಅವಳ ಗಂಡ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ, ಬದುಕಿ ಉಳಿದ.

ಇವರಲ್ಲಿ ಯಾರ ಹೆಸರು ಕಲ್ಲಿನ ಮೇಲೆ ಬರಬೇಕು? ಉತ್ತರ ಬದಲಾದ ಹಾಗೆ ಸಂಖ್ಯೆಯೂ ಬದಲಾಗುತ್ತದೆ. ಒಂದೇ ದಾಳಿಗೆ ಎರಡು ಕಡೆ ಎರಡು ಅಂಕಿ ಕಾಣುವುದು ಬಹಳ ಸಲ ಇದರಿಂದಲೇ. ಯಾರೂ ಸುಳ್ಳು ಹೇಳಿರುವುದಿಲ್ಲ. ಅವರು ಎಣಿಸಿದ ಗೆರೆ ಬೇರೆ ಬೇರೆ, ಅಷ್ಟೇ.

ಆಮೇಲೆ ಕಾಗುಣಿತ. ಆಧಾರ್‌ನಲ್ಲಿ ಒಂದು ಹೆಸರು, ಪಹಣಿಯಲ್ಲಿ ಒಂದು, ಶಾಲೆಯ ಟಿ.ಸಿ.ಯಲ್ಲಿ ಇನ್ನೊಂದು ಇರುವ ಪಾಡು ನಮಗೆ ಗೊತ್ತಿಲ್ಲವೇ? ಅಲ್ಲೂ ಅದೇ ಕಥೆ. ಮರಣ ದಾಖಲೆಯಲ್ಲಿ ಒಂದು ಅಕ್ಷರ ಹೆಚ್ಚು, ಸಮಾಧಿ ಪುಸ್ತಕದಲ್ಲಿ ಒಂದು ಕಡಿಮೆ. ಯುದ್ಧದ ನಡುವೆ ಮದುವೆಯಾದ ಹುಡುಗಿಯ ಹೆಸರು ಕಂಪನಿಯ ಪುಸ್ತಕದಲ್ಲಿ ಅಪ್ಪನ ಮನೆಯದು, ಮರಣ ಪತ್ರದಲ್ಲಿ ಗಂಡನ ಮನೆಯದು. ಅವಳು ಒಬ್ಬಳೋ ಇಬ್ಬರೋ?

ಹಾಗಾಗಿ ಒಂದೇ ದಾಖಲೆ ನಂಬಿ ಕೆತ್ತಿಸುವುದಿಲ್ಲ. ಮರಣ ಪತ್ರ ತರಿಸುತ್ತಾರೆ. ಬಾಂಬಿಗೆ ಸತ್ತವರ ಪತ್ರದಲ್ಲಿ ಸಾವಿನ ಕಾರಣ 'ಯುದ್ಧ ಕಾರ್ಯಾಚರಣೆಯಿಂದ' ಎಂಬ ಅರ್ಥದ ಸಾಲು ಇರುತ್ತದೆ. ಪೌರಾಡಳಿತದ ಸಮಾಧಿ ಪುಸ್ತಕ, ವಿಮಾನ ದಾಳಿ ಎಚ್ಚರಿಕೆ ಪಡೆಯವರು ಅವತ್ತು ಬರೆದಿಟ್ಟ ಘಟನಾ ವರದಿ, ಸ್ಥಳೀಯ ಪತ್ರಿಕೆಯ ಶ್ರದ್ಧಾಂಜಲಿ ಸಾಲು, ಕಂಪನಿಯ ಸಂಬಳದ ಪುಸ್ತಕ ಉಳಿದಿದ್ದರೆ ಅದು. ಕೊನೆಗೆ ಮನೆಯವರ ಅಟ್ಟದ ಮೇಲಿನ ಫೋಟೋ. ಮೂರು ಕಡೆ ತಾಳೆಯಾದರೆ ಹೆಸರು ಪಟ್ಟಿಗೆ ಗಟ್ಟಿ.

ಈ ಕೆಲಸ ಮಾಡುವವರು ಬಹುತೇಕ ಸತ್ತವರ ಮಕ್ಕಳು, ಮೊಮ್ಮಕ್ಕಳು, ನಿವೃತ್ತ ನೌಕರರು, ಊರ ಇತಿಹಾಸದ ಹುಚ್ಚು ಹತ್ತಿಸಿಕೊಂಡವರು. ಸಂಬಳವಿಲ್ಲ. ಗಡಿಯಾರ ಮಾತ್ರ ಓಡುತ್ತಿರುತ್ತದೆ. 1940ರಲ್ಲಿ ಹತ್ತು ವರ್ಷದ ಮಗುವಾಗಿದ್ದವರು 2020ರಲ್ಲಿ 90 ಮುಟ್ಟಿದ್ದರು. 'ಅಪ್ಪ ಅವತ್ತು ಬೆಳಗ್ಗೆ ಈ ದಾರಿಯಲ್ಲಿ ಹೋದರು' ಅಂತ ಕೈ ತೋರಿಸಿ ಹೇಳಬಲ್ಲವರು ವರ್ಷಕ್ಕಿಷ್ಟು ಕಡಿಮೆಯಾಗುತ್ತಾರೆ.

ಜಾಗ, ದುಡ್ಡು, ಅನುಮತಿ

ಪಟ್ಟಿ ಆಯಿತು. ಕಲ್ಲು ಎಲ್ಲಿ? ಕಾರ್ಖಾನೆ ಇದ್ದ ಜಾಗ ಈಗ ಬೇರೆಯವರದು. ಅಪಾರ್ಟ್‌ಮೆಂಟೋ, ಗೋದಾಮೋ ಆಗಿರುತ್ತದೆ. ಮಾಲೀಕ ಒಪ್ಪಬೇಕು. ರಸ್ತೆ ಪಕ್ಕ ಅಂದರೆ ಪೌರಾಡಳಿತ ಒಪ್ಪಬೇಕು. ಚರ್ಚಿನ ಅಂಗಳ ಅಂದರೆ ಚರ್ಚಿನ ಅನುಮತಿ. ಹಳೆಯ ಸಂರಕ್ಷಿತ ಕಟ್ಟಡದ ಗೋಡೆಗೆ ಫಲಕ ಹೊಡೆಯಲೂ ಬೇರೆ ಅನುಮತಿ ಬೇಕು.

ದುಡ್ಡಿನ ವಿಷಯದಲ್ಲಿ ಬಹಳ ಜನ ಮುಗ್ಗರಿಸುತ್ತಾರೆ. ಬ್ರಿಟನ್ನಿನಲ್ಲಿ ಯುದ್ಧ ಸ್ಮಾರಕಗಳಿಗೆಂದೇ ಒಂದು ಟ್ರಸ್ಟ್ ಇದೆ. ಅದು ಹಣ ಕೊಡುವುದು ಇರುವ ಸ್ಮಾರಕಗಳ ದುರಸ್ತಿಗೆ. ಹೊಸದನ್ನು ಕಟ್ಟಲು ಅಲ್ಲ. ಸುಮ್ನೆ ಅರ್ಜಿ ಹಾಕಿ ಕಾದವರಿಗೆ ಇದು ಆಮೇಲೆ ಗೊತ್ತಾಗುತ್ತದೆ. ಹೊಸ ಕಲ್ಲಿಗೆ ಊರವರ ವಂತಿಗೆಯೇ ಆಧಾರ.

ಎಷ್ಟು ಕಾಲ ಹಿಡಿಯುತ್ತದೆ ಅನ್ನುವುದಕ್ಕೆ ಎರಡು ಉದಾಹರಣೆ ಸಾಕು. ಶೆಫೀಲ್ಡ್ ಉಕ್ಕಿನ ಊರು. ಯುದ್ಧದ ಕಾಲದಲ್ಲಿ ಅಲ್ಲಿನ ಕಾರ್ಖಾನೆಗಳನ್ನು ನಡೆಸಿದ್ದು ಮಹಿಳೆಯರು. ಗಂಡಸರು ವಾಪಸ್ ಬಂದ ಮೇಲೆ ಇವರನ್ನು ಮನೆಗೆ ಕಳಿಸಿದರು. 2009ರಲ್ಲಿ ಆ ಪೈಕಿ ನಾಲ್ವರು ಅಜ್ಜಿಯರು ನಮ್ಮನ್ನು ಯಾರೂ ನೆನೆಯಲಿಲ್ಲವಲ್ಲ ಅಂತ ಕೇಳಲು ಶುರುಮಾಡಿದರು. ನಗರದ ನಡುವೆ ಪ್ರತಿಮೆ ನಿಂತದ್ದು 2016ರ ಜೂನ್‌ನಲ್ಲಿ. ಏಳು ವರ್ಷ.

ಇನ್ನೊಂದು ಲಂಡನ್ನಿನ ಬೆತ್ನಲ್ ಗ್ರೀನ್. 1943ರ ಮಾರ್ಚ್ 3ರಂದು ಸೈರನ್ ಕೇಳಿ ಜನ ನೆಲದಡಿಯ ರೈಲು ನಿಲ್ದಾಣಕ್ಕೆ ಇಳಿಯುವಾಗ ಮೆಟ್ಟಿಲ ಮೇಲೆ ನೂಕುನುಗ್ಗಲಾಗಿ 173 ಮಂದಿ ಸತ್ತರು. 62 ಮಕ್ಕಳು. ಬಾಂಬು ಬಿದ್ದಿರಲೇ ಇಲ್ಲ. ಯುದ್ಧಕಾಲದಲ್ಲಿ ಈ ಸುದ್ದಿಯನ್ನು ಅದುಮಿಟ್ಟರು. 1993ರಲ್ಲಿ ಒಂದು ಸಣ್ಣ ಫಲಕ ಬಂತು. ಪೂರ್ತಿ ಸ್ಮಾರಕ ಲೋಕಾರ್ಪಣೆ ಆಗಿದ್ದು 2017ರ ಡಿಸೆಂಬರ್‌ನಲ್ಲಿ. ಮರದಲ್ಲಿ ಮಾಡಿದ ತಲೆಕೆಳಗಾದ ಮೆಟ್ಟಿಲು ಅದು. ಬೆಳಕು ಇಳಿಯುವ 173 ತೂತುಗಳಿವೆ.

ಕಲ್ಲಿನ ಮೇಲೆ ಏನು ಬರೆಯುವುದು?

ನಾಲ್ಕು ಸಾಲು ಬರೆಯಲು ಇಷ್ಟು ಜಗಳವೇ ಅನ್ನಿಸಬಹುದು. ಇರುತ್ತದೆ.

'ದೇಶಕ್ಕಾಗಿ ಪ್ರಾಣ ಕೊಟ್ಟರು' ಅಂತ ಬರೆದರೆ ಕೇಳಲು ಚೆನ್ನ. ಆದರೆ ಅವರು ಪ್ರಾಣ ಕೊಡಲು ಹೊರಟವರಲ್ಲ. ಪಾಳಿ ಮುಗಿಸಿ ಮನೆಗೆ ಹೋಗಬೇಕು ಅಂದುಕೊಂಡಿದ್ದವರು. 'ಸತ್ತರು' ಅಂತಷ್ಟೇ ಬರೆದರೆ ಬರಿದು ಅನ್ನಿಸುತ್ತದೆ. ಬ್ರಿಟನ್ನಿನಲ್ಲಿ ಹಳೆಯ ಸರ್ಕಾರಿ ಭಾಷೆ 'ಶತ್ರುವಿನ ಕೃತ್ಯದಿಂದ ಸತ್ತವರು' ಅನ್ನುತ್ತಿತ್ತು. ಈಗ ಜರ್ಮನಿ ಮಿತ್ರದೇಶ. 'ಶತ್ರು' ಅಂತ ಇವತ್ತು ಹೊಸದಾಗಿ ಕೆತ್ತಬೇಕೆ? ವಯಸ್ಸು ಹಾಕಬೇಕೆ? ನನ್ನ ಕೇಳಿದರೆ ಹಾಕಬೇಕು. 15 ಅಂತ ಒಂದು ಅಂಕಿ ಹೇಳುವಷ್ಟನ್ನು ಎಂಥ ಕವಿಯ ಸಾಲೂ ಹೇಳಲಾರದು.

ಇದಕ್ಕಿಂತ ತೊಡಕಿನ ಮಾತೂ ಇದೆ. ವೇಬ್ರಿಜ್‌ನಲ್ಲಿ ತಯಾರಾಗುತ್ತಿದ್ದದ್ದು ವೆಲಿಂಗ್ಟನ್ ಬಾಂಬರ್. ಅದೇ ವಿಮಾನಗಳು ಜರ್ಮನಿಯ ನಗರಗಳ ಮೇಲೆ ಬಾಂಬು ಸುರಿದವು. ಅಲ್ಲಿಯೂ ಕಾರ್ಖಾನೆಗಳಿದ್ದವು, ಕೆಲಸಗಾರರಿದ್ದರು. 2012ರಲ್ಲಿ ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಬಾಂಬರ್ ಪಡೆಯ ಸ್ಮಾರಕ ಬಂದಾಗ ಈ ಪ್ರಶ್ನೆ ಎದ್ದಿತು. ಆ ಪಡೆಯ 55,573 ಮಂದಿ ಸತ್ತಿದ್ದರು. ಅವರಿಗೂ ಸ್ಮಾರಕ ಸಿಕ್ಕಿದ್ದು ಯುದ್ಧ ಮುಗಿದು 67 ವರ್ಷಕ್ಕೆ. ಕೊನೆಗೆ ಅದರ ಮೇಲೆ ಇನ್ನೊಂದು ಸಾಲು ಸೇರಿತು: 1939ರಿಂದ 1945ರವರೆಗಿನ ಬಾಂಬ್ ದಾಳಿಗಳಲ್ಲಿ ಸತ್ತ ಎಲ್ಲ ದೇಶದವರನ್ನೂ ಈ ಸ್ಮಾರಕ ನೆನೆಯುತ್ತದೆ ಎಂಬ ಅರ್ಥದ್ದು.

ಹೆಸರೇ ಬರೆದಿಡದ ಕೆಲಸಗಾರರು

ಜರ್ಮನಿಯ ಪೆನೆಮ್ಯುಂಡೆಯಲ್ಲಿ ರಾಕೆಟ್ ಅಸ್ತ್ರ ತಯಾರಾಗುತ್ತಿತ್ತು. 1943ರ ಆಗಸ್ಟ್ 17ರ ರಾತ್ರಿ ಬ್ರಿಟನ್ ಅದರ ಮೇಲೆ ದಾಳಿ ಮಾಡಿತು. ಗುರಿ ತಪ್ಪಿದ ಬಾಂಬುಗಳು ಟ್ರಾಸನ್‌ಹೈಡೆಯ ಕಾರ್ಮಿಕ ಶಿಬಿರದ ಮೇಲೆ ಬಿದ್ದವು. ಅಲ್ಲಿದ್ದವರು ಬೇರೆ ದೇಶಗಳಿಂದ ಬಲವಂತವಾಗಿ ಹಿಡಿದು ತಂದ ಕೆಲಸಗಾರರು. ನೂರಾರು ಮಂದಿ ಸತ್ತರು. ಇವರನ್ನು ಯಾವ ದೇಶ ತನ್ನವರು ಅನ್ನಬೇಕು?

ಜಪಾನಿನ ಟೊಯೊಕಾವಾದಲ್ಲಿ ನೌಕಾಪಡೆಯ ಶಸ್ತ್ರಾಸ್ತ್ರ ಕಾರ್ಖಾನೆ ಇತ್ತು. 1945ರ ಆಗಸ್ಟ್ 7ರಂದು, ಅಂದರೆ ಹಿರೋಶಿಮಾದ ಮರುದಿನ, ಅಮೆರಿಕದ ಬಾಂಬರ್‌ಗಳು ಬಂದವು. 2,500ಕ್ಕೂ ಹೆಚ್ಚು ಜನ ಸತ್ತರು. ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚಿದ ಹುಡುಗ ಹುಡುಗಿಯರು ಅವರಲ್ಲಿ ಬಹಳ ಇದ್ದರು. ಹಿರೋಶಿಮಾದ ಸುದ್ದಿಯ ನೆರಳಿನಲ್ಲಿ ಇದು ಜಗತ್ತಿಗೆ ಕಾಣಲೇ ಇಲ್ಲ. ಹಳೆಯ ಮದ್ದಿನ ಕೋಠಿಗಳನ್ನು ಉಳಿಸಿಕೊಂಡು ಆ ಜಾಗದಲ್ಲಿ ಶಾಂತಿ ಉದ್ಯಾನ ಆಗಿದ್ದು 2018ರಲ್ಲಿ.

ಹಿರೋಶಿಮಾದಲ್ಲೇ ಇನ್ನೊಂದು ಕಥೆ ಇದೆ. ಅಲ್ಲಿ ಸತ್ತ ಕೊರಿಯನ್ನರಲ್ಲಿ ಬಲವಂತದ ದುಡಿಮೆಗೆ ತಂದವರೂ ಇದ್ದರು. ಅವರಿಗಾಗಿ 1970ರಲ್ಲಿ ಒಂದು ಸ್ಮಾರಕ ನಿಂತಿತು. ಆದರೆ ಶಾಂತಿ ಉದ್ಯಾನದ ಒಳಗಲ್ಲ, ನದಿಯ ಆಚೆ. ಸತ್ತ ಮೇಲೂ ಊರಾಚೆಯೇ ಎಂಬ ನೋವಿನಿಂದ ಜನ ಕೇಳುತ್ತಲೇ ಬಂದರು. ಕಲ್ಲು ಒಳಗೆ ಬಂದದ್ದು 1999ರಲ್ಲಿ. ನದಿಯೊಂದನ್ನು ದಾಟಲು 29 ವರ್ಷ.

ನಮ್ಮ ದೇಶದಲ್ಲೂ ಆಗಿದೆ. 1943ರ ಡಿಸೆಂಬರ್ 5ರಂದು ಹಗಲಿನಲ್ಲೇ ಜಪಾನಿನ ವಿಮಾನಗಳು ಕಲ್ಕತ್ತೆಯ ಖಿದಿರ್‌ಪುರ ಹಡಗುಕಟ್ಟೆಯ ಮೇಲೆ ಬಾಂಬು ಹಾಕಿದವು. ಸತ್ತ ನೂರಾರು ಜನರಲ್ಲಿ ಹಡಗಿನ ಸರಕು ಇಳಿಸುವ ಕೂಲಿಗಳೇ ಹೆಚ್ಚು. ಬಂಗಾಳದಲ್ಲಿ ಬರಗಾಲ ಜನರನ್ನು ತಿನ್ನುತ್ತಿದ್ದ ವರ್ಷ ಅದು. ಇಲ್ಲಿ ಪಟ್ಟಿಯ ಕಷ್ಟ ವೂಲ್‌ಸ್ಟನ್‌ಗಿಂತ ಹತ್ತು ಪಟ್ಟು. ಕಟ್ಟೆಯ ಕೂಲಿಯವನನ್ನು ಕರೆತರುತ್ತಿದ್ದದ್ದು ಸರ್ದಾರ, ಅಂದರೆ ನಮ್ಮ ಕಡೆಯ ಮೇಸ್ತ್ರಿ. ಇವತ್ತು ಇದ್ದವನು ನಾಳೆ ಇಲ್ಲ. ಸಂಬಳದ ಪುಸ್ತಕದಲ್ಲಿ ಹೆಸರಿಲ್ಲದವನ ಹೆಸರು ಕಲ್ಲಿಗೆ ಎಲ್ಲಿಂದ ತರುವುದು? ಅದೇ ಕಲ್ಕತ್ತೆಯಲ್ಲಿ, ಮೊದಲ ಮಹಾಯುದ್ಧದಲ್ಲಿ ಸತ್ತ 896 ಲಸ್ಕರರಿಗೆ, ಅಂದರೆ ಬ್ರಿಟಿಷ್ ಹಡಗುಗಳಲ್ಲಿ ದುಡಿದ ಬಂಗಾಳ ಅಸ್ಸಾಮಿನ ನಾವಿಕರಿಗೆ, 1924ರಲ್ಲೇ ಎತ್ತರದ ಸ್ಮಾರಕ ಕಟ್ಟಿದ್ದಾರೆ. ಹಡಗು ಹತ್ತುವಾಗ ಅವರ ಹೆಸರನ್ನು ಬರೆದುಕೊಳ್ಳುತ್ತಿದ್ದರು. ಕಟ್ಟೆಯ ಮೇಲೆ ಮೂಟೆ ಹೊರುವವನನ್ನು ಹಾಗೆ ಬರೆದುಕೊಳ್ಳುವ ಪದ್ಧತಿ ಇರಲಿಲ್ಲ.

ಕೆತ್ತಿದ ಮೇಲೂ ಮುಗಿಯುವುದಿಲ್ಲ

ಪಟ್ಟಿ ಸಿದ್ಧ, ಜಾಗ ಸಿಕ್ಕಿತು, ದುಡ್ಡು ಸೇರಿತು, ಸಾಲುಗಳಿಗೆ ಎಲ್ಲರೂ ಒಪ್ಪಿದರು ಅಂದುಕೊಳ್ಳಿ. ಕಲ್ಲಿನ ಪರದೆ ಸರಿಸಿದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಅದನ್ನು ದೂರದ ಊರಿನಲ್ಲಿ ಓದಿದ ಯಾರೋ ಒಬ್ಬರು ಕಾಗದ ಬರೆಯುತ್ತಾರೆ: ನಮ್ಮ ಅಜ್ಜಿಯ ತಮ್ಮನೂ ಅವತ್ತು ಅಲ್ಲೇ ಇದ್ದ, ಅವನ ಹೆಸರು ಕಾಣುತ್ತಿಲ್ಲ.

ಅನುಭವ ಇರುವವರು ಇದಕ್ಕೆ ತಯಾರಾಗಿರುತ್ತಾರೆ. ಫಲಕ ಮಾಡಿಸುವಾಗಲೇ ಕೊನೆಯ ಹೆಸರಿನ ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಬಿಡಿ ಅಂತ ಕೆತ್ತುವವನಿಗೆ ಹೇಳಿರುತ್ತಾರೆ.